ಹಳೆಯ ಸ್ಟೀಲ್ ಡಬ್ಬಿಗೆ ಸಿಲಿಕೋನ್ ಉಂಗುರ: ಕಡಿಮೆ ಖರ್ಚಿನಲ್ಲಿ ಮಾದರಿ ಮಾಡುವುದು ಹೇಗೆ?

ಪ್ರಶ್ನೆ (ಮೈಸೂರಿನಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಗಳಲ್ಲಿರುವ ಹಳೆಯ ಸ್ಟೀಲ್ ಡಬ್ಬಿಗಳು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಅವುಗಳಲ್ಲಿ ಸಾರನ್ನೋ ಮಜ್ಜಿಗೆಹುಳಿಯನ್ನೋ ಒಯ್ಯುವಂತಿಲ್ಲ. ಬ್ಯಾಗಿನಲ್ಲಿ ಸ್ವಲ್ಪ ಅಡ್ಡವಾದರೂ ಸೋರುತ್ತವೆ. ಹೊಸ ಡಬ್ಬಿ ಕೊಳ್ಳುವ ಬದಲು, ಇರುವ ಡಬ್ಬಿಯ ಬಾಯಿಗೆ ಎಳೆದು ತೊಡಿಸಿ, ಅದರ ಮೇಲೆ ಅದೇ ಮುಚ್ಚಳವನ್ನು ಒತ್ತಬಹುದಾದ ಸಿಲಿಕೋನ್ ಉಂಗುರವೊಂದನ್ನು ತಯಾರಿಸಬೇಕೆಂದಿದ್ದೇನೆ. ವ್ಯಾಸ ಸುಮಾರು 12 ಸೆಂ.ಮೀ. ಒಳಗಡೆ ಡಬ್ಬಿಯ ಅಂಚು ಕೂರಲು ಒಂದು ತೋಡು, ಹೊರಗಡೆ 1 ಮಿ.ಮೀ. ದಪ್ಪದ ತುಟಿ ಇರುತ್ತದೆ. ನಾನು ವಿಚಾರಿಸಿದ ಘಟಕದವರು ಇಂಜೆಕ್ಷನ್ ಡೈಗೆ (ವಸ್ತುವನ್ನು ಒತ್ತಡದಿಂದ ಒಳಕ್ಕೆ ತುಂಬುವ ಲೋಹದ ಅಚ್ಚು) ಲಕ್ಷಗಳಲ್ಲಿ ದರ ಹೇಳಿದರು. ನನ್ನ ಬಳಿ ಇರುವುದು 15,000 ರೂಪಾಯಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಟ್ಯೂಬ್ ಸಿಲಿಕೋನಿನಿಂದ ಮಾದರಿ ಮಾಡಬಹುದೇ? ತ್ರೀಡಿ ಪ್ರಿಂಟ್ ಮಾಡಿಸಿದ ಅಚ್ಚಿನಲ್ಲಿ ಸುರಿದರೆ ಸರಿಯಾಗಿ ಬರುತ್ತದೆಯೇ? ಆಹಾರಕ್ಕೆ ತಾಗುವ ವಸ್ತುವಾದ್ದರಿಂದ ಏನೇನು ಎಚ್ಚರಿಕೆ ವಹಿಸಬೇಕು?

ಉತ್ತರ 1 (ಉತ್ಪನ್ನ ವಿನ್ಯಾಸಕ, ಬೆಂಗಳೂರು)

ನಿಮಗೆ ಎರಡು ಬಗೆಯ ಮಾದರಿಗಳು ಬೇಕಾಗುತ್ತವೆ. ಉಂಗುರ ಡಬ್ಬಿಗೆ ಹೊಂದುತ್ತದೆಯೇ, ಸೋರಿಕೆ ನಿಲ್ಲುತ್ತದೆಯೇ ಎಂದು ನೋಡುವ ಮಾದರಿಗೆ ನೀರು ತುಂಬಿದರೆ ಸಾಕು, ಅದು ಆಹಾರಯೋಗ್ಯವಾಗಿರಬೇಕಿಲ್ಲ. ಊಟ ತುಂಬಿ ನೋಡುವ ಮಾದರಿ ಆಕಾರ ಖಚಿತವಾದ ಮೇಲಿನ ಮಾತು. ಎರಡನ್ನೂ ಒಂದೇ ತುಂಡಿನಲ್ಲಿ ಸಾಧಿಸಲು ಹೊರಟಾಗಲೇ ಖರ್ಚು ಕೈಮೀರುವುದು.

ವಿನೆಗರ್ ವಾಸನೆಯ ಟ್ಯೂಬ್ ಸಿಲಿಕೋನ್ ಗಾಳಿಯ ತೇವಾಂಶವನ್ನು ಹೀರಿ ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತದೆ, ಹಾಗಾಗಿ ಮುಚ್ಚಿದ ಅಚ್ಚಿನ ಒಳಭಾಗ ದಿನಗಟ್ಟಲೆ ಹಸಿಯಾಗಿಯೇ ಉಳಿಯುತ್ತದೆ. ಅದಕ್ಕೆ ಕಾರ್ನ್‌ಫ್ಲೋರ್ ಕಲಸಿದರೆ ಬೇಗ ಗಟ್ಟಿಯಾಗುವುದು ನಿಜ. ಕೈಯಲ್ಲಿ ಒತ್ತಿ ಆಕಾರದ ಅಂದಾಜು ಪಡೆಯಲು ಅದು ಅಗ್ಗದ ದಾರಿ. ಆದರೆ 1 ಮಿ.ಮೀ. ತುಟಿ ಅದರಲ್ಲಿ ನೆಟ್ಟಗೆ ಬರುವುದಿಲ್ಲ, ಮತ್ತು ಅದನ್ನು ಆಹಾರದ ಹತ್ತಿರ ತರಲೇಬಾರದು.

ಎ ಮತ್ತು ಬಿ ಎಂದು ಎರಡು ಡಬ್ಬಗಳಲ್ಲಿ ಬರುವ, ಎರಡನ್ನೂ ಕಲಸಿದರೆ ಕೋಣೆಯ ಉಷ್ಣತೆಯಲ್ಲೇ ಗಟ್ಟಿಯಾಗುವ ಆರ್‌ಟಿವಿ ಸಿಲಿಕೋನ್ ಕೊಳ್ಳಿರಿ. ಇದರಲ್ಲಿ ತವರದ ಹಾರ್ಡನರ್ (ಗಟ್ಟಿಯಾಗಿಸುವ ಅಂಶ) ಇರುವುದು ಅಗ್ಗ, ಆದರೆ ಗಟ್ಟಿಯಾಗುವಾಗ ಕುಗ್ಗುತ್ತದೆ ಮತ್ತು ಆಹಾರಕ್ಕೆ ಸಲ್ಲದು. ಪ್ಲಾಟಿನಂ ಬಗೆಯದು ದುಬಾರಿಯಾದರೂ ಕುಗ್ಗುವುದು ತೀರಾ ಕಡಿಮೆ, ಅಳತೆ ನಂಬಬಹುದು. ಗಡಸುತನ ಶೋರ್ ಎ (ರಬ್ಬರಿನಂಥ ವಸ್ತುಗಳ ಗಡಸುತನದ ಅಳತೆ, ಅಂಕಿ ಹೆಚ್ಚಿದಷ್ಟೂ ಗಟ್ಟಿ) 30ರ ಆಸುಪಾಸಿನಲ್ಲಿರಲಿ; ತೀರಾ ಮೆದುವಾದರೆ ಮುಚ್ಚಳ ಒತ್ತುವಾಗ ತುಟಿ ಮಡಚಿಕೊಳ್ಳುತ್ತದೆ, 60ರ ಹತ್ತಿರ ಹೋದರೆ ಎಳೆದು ತೊಡಿಸುವುದೇ ಕಷ್ಟ. ನೀವು ಹೇಳಿದ ಅಳತೆಗೆ ಉಂಗುರವೊಂದಕ್ಕೆ ಪೋಲಾಗುವುದನ್ನೂ ಸೇರಿಸಿ 40 ಗ್ರಾಂ ಹಿಡಿದರೂ ಒಂದು ಕಿಲೋದಲ್ಲಿ 25 ಉಂಗುರಗಳಾಗುತ್ತವೆ. ಆದ್ದರಿಂದ ಹಣ ಉಳಿಯುವುದೋ ಹೋಗುವುದೋ ಅಚ್ಚಿನಲ್ಲಿ. ಸಿಲಿಕೋನಿನ ದರದಲ್ಲಿ ಚೌಕಾಸಿ ಮಾಡಿ ಹೆಚ್ಚಿನ ಲಾಭವಿಲ್ಲ.

ಅಚ್ಚನ್ನು ಪಿಎಲ್‌ಎ ಪ್ಲಾಸ್ಟಿಕ್ಕಿನಲ್ಲಿ ಪ್ರಿಂಟ್ ಮಾಡಿಸಬಹುದು. ದ್ರವ ರೆಸಿನ್ನನ್ನು ಬೆಳಕಿನಿಂದ ಗಟ್ಟಿಮಾಡಿ ತಯಾರಿಸುವ ರೆಸಿನ್ ಪ್ರಿಂಟ್ ನುಣುಪಾಗಿ ಕಂಡರೂ ಅದರಲ್ಲಿ ಉಳಿದ ರಾಸಾಯನಿಕಗಳು ಪ್ಲಾಟಿನಂ ಸಿಲಿಕೋನ್ ಗಟ್ಟಿಯಾಗದಂತೆ ತಡೆಯುತ್ತವೆ. ಲೇಟೆಕ್ಸ್ ಕೈಗವಸು, ಗಂಧಕವಿರುವ ಮಾಡೆಲಿಂಗ್ ಕ್ಲೇ, ಹಿಂದೆ ತವರದ ಸಿಲಿಕೋನ್ ಕಲಸಿದ ಕಡ್ಡಿ, ಇವೂ ಅದೇ ಕೆಲಸ ಮಾಡುತ್ತವೆ. ತುಂಡಿನ ಒಳಭಾಗ ಗಟ್ಟಿಯಾಗಿ, ಅಚ್ಚಿಗೆ ತಾಗಿದ ಮೈ ಮಾತ್ರ ಅಂಟಂಟಾಗಿ ಉಳಿದಿದ್ದರೆ ಕಾರಣ ಇದೇ ಎಂದು ತಿಳಿಯಿರಿ. ಹಾರ್ಡನರ್ ಹೆಚ್ಚಿಸಿದರೆ ಅದು ಸರಿಹೋಗುವುದಿಲ್ಲ.

ಸೋರಿಕೆ ತಡೆಯುವ ವಸ್ತುವಿನ ಅಚ್ಚಿನಲ್ಲಿ ಬಹಳ ಜನ ಗಮನಿಸದ ಅಂಶವೊಂದಿದೆ. ಪ್ರಿಂಟಿನ ಸಣ್ಣ ಸಣ್ಣ ಗೆರೆಗಳೂ ಸಿಲಿಕೋನಿನ ಮೇಲೆ ಯಥಾವತ್ತಾಗಿ ಮೂಡುತ್ತವೆ. ಗೆರೆಗಳು ಉಂಗುರದ ಸುತ್ತ ಓಡಿದರೆ ತೊಂದರೆಯಿಲ್ಲ. ತುಟಿಯನ್ನು ಅಡ್ಡ ದಾಟಿದರೆ ಪ್ರತಿಯೊಂದು ಗೆರೆಯೂ ಒಂದು ಕಾಲುವೆಯಾಗಿ ಅದರ ಮೂಲಕ ನೀರು ಜಿನುಗುತ್ತದೆ, ಆಗ ನಿಮ್ಮ ವಿನ್ಯಾಸ ಸರಿಯಿದ್ದರೂ ಪರೀಕ್ಷೆ ವಿಫಲವಾಗುತ್ತದೆ. ಅಚ್ಚನ್ನು ಮಲಗಿಸಿ ಪ್ರಿಂಟ್ ಮಾಡಿಸಿ, ಮೇಲ್ಮೈಯ ಗೆರೆಗಳು ವೃತ್ತಾಕಾರದಲ್ಲಿ ಓಡುವಂತೆ ಹೇಳಿ, ತುಟಿ ಬರುವ ಜಾಗವನ್ನು 400ರ ಎಮರಿ ಪೇಪರಿನಲ್ಲಿ ನೀರು ಹಾಕಿ ಉಜ್ಜಿರಿ. ಅಚ್ಚಿನ ಎರಡು ಭಾಗಗಳು ಕೂಡುವ ಗೆರೆಯೂ ತುಟಿಯ ಮೇಲೆ ಹಾಯಬಾರದು.

ಸುರಿಯುವಾಗ ಎರಡೂ ಭಾಗಗಳನ್ನು ಡಿಜಿಟಲ್ ತಕ್ಕಡಿಯಲ್ಲಿಯೇ ತೂಗಿ, ಪಾತ್ರೆಯ ಬದಿ ಮತ್ತು ತಳವನ್ನು ಕೆರೆಯುತ್ತಾ ನಿಧಾನವಾಗಿ ಕಲಸಿರಿ. ವ್ಯಾಕ್ಯೂಮ್ ಪಂಪ್ ಇಲ್ಲದಿದ್ದರೆ ಜೇನಿನ ಎಳೆಯಂತೆ ಎತ್ತರದಿಂದ ಸಣ್ಣಗೆ ಇನ್ನೊಂದು ಪಾತ್ರೆಗೆ ಸುರಿದರೆ ಗುಳ್ಳೆಗಳು ಬಹುಮಟ್ಟಿಗೆ ಒಡೆಯುತ್ತವೆ. ಆಮೇಲೆ ಸೂಜಿಯಿಲ್ಲದ ದೊಡ್ಡ ಸಿರಿಂಜಿನಿಂದ ಅಚ್ಚಿನ ಕೆಳಭಾಗದ ರಂಧ್ರದ ಮೂಲಕ ತುಂಬಿಸಿ. ಗಾಳಿ ಹೊರಹೋಗಲು ಮೇಲುಗಡೆ ಎರಡು ಮೂರು ಕಿರುರಂಧ್ರಗಳಿರಲಿ. ಬೇಗ ಗಟ್ಟಿಯಾಗಲೆಂದು ಓವನ್ನಿನಲ್ಲಿ ಇಡಬೇಡಿ, ಪಿಎಲ್‌ಎ 60 ಡಿಗ್ರಿಯಲ್ಲೇ ಮೆತ್ತಗಾಗಿ ಅಚ್ಚು ಸೊಟ್ಟಗಾಗುತ್ತದೆ.

ಉತ್ತರ 2 (ರಬ್ಬರ್ ಮೋಲ್ಡಿಂಗ್ ಘಟಕದಲ್ಲಿ ಕೆಲಸ, ಪೀಣ್ಯ)

ಮೇಲಿನ ಉತ್ತರ ಸರಿಯಾಗಿದೆ, ಆದರೆ ನಿಮ್ಮ ವಸ್ತು ಸಂಪೂರ್ಣ ಗುಂಡಗಿದೆ ಎಂಬುದನ್ನು ಮರೆಯಬೇಡಿ. ಗುಂಡಗಿನ ವಸ್ತುವಿನ ಅಚ್ಚಿಗೆ ತ್ರೀಡಿ ಪ್ರಿಂಟೂ ಬೇಡ, ಸಿಎನ್‌ಸಿಯೂ (ಕಂಪ್ಯೂಟರ್ ನಿಯಂತ್ರಿತ ಕೊರೆಯುವ ಯಂತ್ರ) ಬೇಡ. ಲೋಹದ ತುಂಡನ್ನು ತಿರುಗಿಸುತ್ತಾ ಕೆತ್ತುವ ಯಂತ್ರವಿರುವ ಯಾವ ಲೇತ್ ಅಂಗಡಿಯಲ್ಲಾದರೂ ಮಾಡಿಕೊಡುತ್ತಾರೆ. ನಿಮ್ಮಲ್ಲೇ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೇಳಿ ನೋಡಿ. ಅಲ್ಯೂಮಿನಿಯಂ ತುಂಡಿನಲ್ಲಿ ಎರಡು ಭಾಗ ಮಾಡಿಸಿದರೆ ಟೂಲಿನ ಗೆರೆಗಳೆಲ್ಲ ತಾವಾಗಿಯೇ ಸುತ್ತ ಓಡುತ್ತವೆ, ಆದ್ದರಿಂದ ತುಟಿಯ ಚಿಂತೆ ಅಲ್ಲಿಗೇ ಮುಗಿಯುತ್ತದೆ. ಅಚ್ಚನ್ನು ಬಿಸಿ ಮಾಡಬಹುದಾದ್ದರಿಂದ ಸಿಲಿಕೋನ್ ಬೇಗ ಗಟ್ಟಿಯಾಗುತ್ತದೆ.

ಮುಂದೆ ನೂರಾರು ಉಂಗುರಗಳು ಬೇಕಾದಾಗಲೂ ಇಂಜೆಕ್ಷನ್‌ಗೆ ಹೋಗಬೇಡಿ. ಕಂಪ್ರೆಷನ್ ಮೋಲ್ಡಿಂಗ್‌ನಲ್ಲಿ ಹಿಟ್ಟಿನ ಮುದ್ದೆಯ ರೂಪದ ಸಿಲಿಕೋನನ್ನು ಬಿಸಿ ಡೈಯಲ್ಲಿಟ್ಟು ಪ್ರೆಸ್‌ನಲ್ಲಿ ಒತ್ತುತ್ತಾರೆ. ಒಂದು ಕುಳಿಯ ಸಣ್ಣ ಡೈ ಸಾಕು. ಆದರೆ ಆ ಸಿಲಿಕೋನ್ ಶೇಕಡ 2ರಿಂದ 4ರಷ್ಟು ಕುಗ್ಗುವುದರಿಂದ ಈಗಿನ ಅಚ್ಚಿನ ಅಳತೆಯನ್ನೇ ಕೊಟ್ಟರೆ ಉಂಗುರ ಚಿಕ್ಕದಾಗಿಬಿಡುತ್ತದೆ. ಆಹಾರಯೋಗ್ಯ ಕಚ್ಚಾವಸ್ತುವಿನ ಪ್ರಮಾಣಪತ್ರವನ್ನು ಕೇಳಿ ಪಡೆಯಿರಿ. ಅಚ್ಚಿನಿಂದ ತೆಗೆದ ಮೇಲೆ 200 ಡಿಗ್ರಿಯಲ್ಲಿ 4 ಗಂಟೆ ಓವನ್ನಿನಲ್ಲಿ ಇಡುತ್ತಾರೋ ಇಲ್ಲವೋ ಎಂಬುದನ್ನೂ ಕೇಳಿರಿ. ಒಳಗೆ ಉಳಿದ ಆವಿಶೀಲ ಅಂಶಗಳು ಹೋಗುವುದು ಆ ಹಂತದಲ್ಲಿ, ಸಮಯ ಉಳಿಸಲು ಮೊದಲು ಬಿಟ್ಟುಬಿಡುವುದೂ ಅದನ್ನೇ. ನೀವು ಮೈಸೂರಿನಲ್ಲೇ ಇರುವುದರಿಂದ, ಆಹಾರಕ್ಕೆ ಏನಾದರೂ ಬಿಡುತ್ತದೆಯೇ ಎಂಬ ಪರೀಕ್ಷೆಯ ಬಗ್ಗೆ ಸಿಎಫ್‌ಟಿಆರ್‌ಐನ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಆಹಾರ ಪ್ಯಾಕೇಜಿಂಗ್ ವಿಭಾಗದಲ್ಲಿ ವಿಚಾರಿಸಬಹುದು.

ಉತ್ತರ 3

ಒಂದು ವಿನಂತಿ: ತೋಡಿನ ಆಕಾರವನ್ನು ಇಲ್ಲಿ ಇನ್ನಷ್ಟು ವಿವರಿಸಬೇಡಿ. ಸಾರ್ವಜನಿಕವಾಗಿ ಪ್ರಕಟವಾದದ್ದಕ್ಕೆ ಆಮೇಲೆ ಪೇಟೆಂಟ್ ಪಡೆಯುವುದು ಕಷ್ಟ. 1970ರ ಪೇಟೆಂಟ್ ಕಾಯ್ದೆಯ ಪ್ರಕಾರ ಮೊದಲು ತಾತ್ಕಾಲಿಕ ವಿವರಣೆಯೊಂದನ್ನು ಸಲ್ಲಿಸಿ, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬಹುದು. ಲೇತ್ ಅಂಗಡಿಗೆ ನಕ್ಷೆ ಕೊಡುವ ಮೊದಲೇ ಅದನ್ನು ಸಲ್ಲಿಸಿದರೆ ಒಳ್ಳೆಯದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಲೇತ್‌ನಲ್ಲಿ ಅಲ್ಯೂಮಿನಿಯಂ ಅಚ್ಚು ಮಾಡಿಸಲು ತೀರ್ಮಾನಿಸಿದ್ದೇನೆ. ಎರಡು ಅನುಮಾನಗಳು ಉಳಿದಿವೆ. ಒಂದೇ ಅಳತೆಯದೆಂದು ಮಾರುವ ಡಬ್ಬಿಗಳ ಬಾಯಿಯೂ ಒಂದೆರಡು ಮಿ.ಮೀ. ಹೆಚ್ಚುಕಡಿಮೆ ಇರುತ್ತದೆ, ಉಂಗುರವನ್ನು ಯಾವುದಕ್ಕೆ ಹೊಂದಿಸಲಿ? ಸೋರಿಕೆಯ ಪರೀಕ್ಷೆಯನ್ನು ಹೇಗೆ ಮಾಡಲಿ?

ಉತ್ತರ 1ರವರಿಂದ ಮತ್ತೆ

ಸಿಕ್ಕಷ್ಟು ಡಬ್ಬಿಗಳ ಬಾಯಿಯ ಸುತ್ತಳತೆಯನ್ನು ಟೇಪಿನಲ್ಲಿ ಅಳೆಯಿರಿ. ಬಾಯಿ ಸ್ವಲ್ಪ ಅಂಡಾಕಾರವಾಗಿದ್ದರೆ ವ್ಯಾಸ ಮೋಸ ಮಾಡುತ್ತದೆ, ಸುತ್ತಳತೆ ಮಾಡುವುದಿಲ್ಲ. ಅತಿ ಚಿಕ್ಕ ಡಬ್ಬಿಗಿಂತ ಶೇಕಡ 2ರಷ್ಟು ಕಿರಿದಾಗಿ ಉಂಗುರ ಮಾಡಿದರೆ, 2 ಮಿ.ಮೀ. ಅಗಲವಾದ ಡಬ್ಬಿಯ ಮೇಲೂ ಅದು ಶೇಕಡ 4ರಷ್ಟು ಮಾತ್ರ ಹಿಗ್ಗುತ್ತದೆ. ಅಷ್ಟು ಹಿಗ್ಗು ಸಿಲಿಕೋನಿಗೆ ಹೊರೆಯಲ್ಲ.

ಪರೀಕ್ಷೆಯನ್ನು ತಣ್ಣೀರಿನಲ್ಲಿ ಮಾತ್ರ ಮಾಡಿ ನಿಲ್ಲಿಸಬೇಡಿ. ಬಿಸಿ ಸಾರು ತುಂಬಿ ಮುಚ್ಚಿದಾಗ ಒಳಗಿನ ಗಾಳಿ ಹಿಗ್ಗಿ ಮುಚ್ಚಳವನ್ನು ಮೇಲೆತ್ತುತ್ತದೆ, ಆರಿದ ಮೇಲೆ ಅದೇ ಗಾಳಿ ಕುಗ್ಗಿ ಮುಚ್ಚಳವನ್ನು ತೆಗೆಯಲಾಗದಂತೆ ಒಳಕ್ಕೆ ಹಿಡಿಯುತ್ತದೆ. ಕುದಿನೀರಿಗೆ ಚಿಟಿಕೆ ಕುಂಕುಮ ಬೆರೆಸಿ ಮುಕ್ಕಾಲು ತುಂಬಿ, ಡಬ್ಬಿಯನ್ನು ಬಿಳಿ ಕಾಗದದ ಮೇಲೆ ಅಡ್ಡ ಮಲಗಿಸಿ, ಸಂಪೂರ್ಣ ಆರುವವರೆಗೂ ಬಿಡಿ. ಹನಿ ಎಲ್ಲಿಂದ ಬಂತೆಂಬುದು ಕಾಗದದ ಕಲೆಯಿಂದ ತಿಳಿಯುತ್ತದೆ. ಆಮೇಲೆ ನಿಮ್ಮ ಮನೆಯ ಹಿರಿಯರೊಬ್ಬರಿಂದ ಆ ಮುಚ್ಚಳವನ್ನು ತೆಗೆಸಿ ನೋಡಿ. ಅವರ ಕೈಗೆ ಬಾರದಿದ್ದರೆ ಉಂಗುರಕ್ಕೆ ಎಳೆದು ಗಾಳಿ ಬಿಡುವ ಸಣ್ಣ ಕಿವಿಯೊಂದನ್ನು ಸೇರಿಸಬೇಕಾಗುತ್ತದೆ. ಕಿವಿ ಬಂದರೆ ಆ ಭಾಗ ಲೇತ್‌ನಲ್ಲಿ ಆಗುವುದಿಲ್ಲ, ಆದ್ದರಿಂದ ಈ ಪರೀಕ್ಷೆಯನ್ನು ಪಿಎಲ್‌ಎ ಅಚ್ಚಿನ ಉಂಗುರದಲ್ಲೇ ಮುಗಿಸಿಕೊಂಡು ನಂತರ ಅಲ್ಯೂಮಿನಿಯಂಗೆ ಹಣ ಹಾಕಿರಿ. ಇನ್ನೊಂದು ಮಾತು: ಸಾರಿನಲ್ಲಿರುವ ಅರಿಸಿನದ ಬಣ್ಣ ಸಿಲಿಕೋನಿಗೆ ಹಿಡಿದರೆ ಹೋಗುವುದು ಕಷ್ಟ. ಮಾರಾಟದ ಉಂಗುರಕ್ಕೆ ಬಿಳಿಯ ಬದಲು ಗಾಢ ಬಣ್ಣದ, ಆಹಾರಯೋಗ್ಯ ಸಿಲಿಕೋನ್ ಪಿಗ್ಮೆಂಟ್ ಆರಿಸಿಕೊಳ್ಳಿ.