ವೈದ್ಯರನ್ನು ಕೇಳಿ: ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ಫೋನ್ ಗುಂಪಿನ ಪ್ರಶ್ನೋತ್ತರ (ಮನಸ್ಸಿನ ಕಾಯಿಲೆ)

ವೈದ್ಯಾಧಿಕಾರಿ: ಏಳು ಗಂಟೆಯವರೆಗೆ ಕೇಳಿ. ರೋಗಿಯ ಹೆಸರು ಬರೆಯಬೇಡಿ.

ಸದಸ್ಯೆ 1: ಮೇಡಂ, ಖಿನ್ನತೆಗೆ ಎಸ್ಸಿಟಾಲೊಪ್ರಾಮ್ ಶುರುವಾಗಿ ಆರು ದಿನ. ಗುಣ ಕಾಣುತ್ತಿಲ್ಲ.

ವೈದ್ಯಾಧಿಕಾರಿ: ಎರಡರಿಂದ ನಾಲ್ಕು ವಾರ ಬೇಕು. ಬಿಡಬೇಡಿ. ಸಾಯುವ ಯೋಚನೆ ಬಂದರೆ ಮಾತ್ರ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ರಾತ್ರಿಯೂ ಕನ್ನಡದಲ್ಲಿ ಮಾತನಾಡುತ್ತಾರೆ.

ಸದಸ್ಯ 2: ಈ ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ (ಮನಸ್ಸಿನ ಕಾಯಿಲೆಯ) ಕ್ಲಿನಿಕ್ ಇದೆಯೇ?

ಆಶಾ ಕಾರ್ಯಕರ್ತೆ: ಮೇಡಂ, ನಮ್ಮ ಬೀದಿಯ ಅಜ್ಜ ಮನಸ್ಸಿನ ಕಾಯಿಲೆಗೆ ಹನ್ನೆರಡು ವರ್ಷದಿಂದ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ನಿನ್ನೆಯಿಂದ ಲೋಟ ಹಿಡಿದರೆ ಅರ್ಧ ಚಹಾ ಪಂಚೆಯ ಮೇಲೆ. ಮಾತು ತೊದಲುತ್ತದೆ, ನಡೆದರೆ ತೂರಾಡುತ್ತಾರೆ. ಕುಡಿದಿದ್ದಾರೆ ಎಂದು ಮಗ ಬೈಯುತ್ತಿದ್ದಾನೆ. ವಾಸನೆಯಂತೂ ಇಲ್ಲ.

ವೈದ್ಯಾಧಿಕಾರಿ: ಭೇದಿ ಆಗಿತ್ತೇ? ಹೊಸ ಮಾತ್ರೆ?

ಆಶಾ ಕಾರ್ಯಕರ್ತೆ: ಜಾತ್ರೆ ಊಟದ ಮೇಲೆ ಮೂರು ದಿನ ಭೇದಿ. ಮಂಡಿನೋವಿಗೆ ಅಂಗಡಿಯ ಡೈಕ್ಲೋಫೆನಾಕ್, ದಿನಕ್ಕೆ ಎರಡು.

ವೈದ್ಯಾಧಿಕಾರಿ: ಇದು ಕುಡಿತವಲ್ಲ, ಲಿಥಿಯಂ ವಿಷವಾಗುತ್ತಿರುವ ಲಕ್ಷಣ. ಈಗಲೇ 108 ಕರೆಯಿರಿ. ಇವತ್ತಿನ ಲಿಥಿಯಂ ಕೊಡಬೇಡಿ, ಡೈಕ್ಲೋಫೆನಾಕ್ ಮುಟ್ಟಿಸಲೇಬೇಡಿ. ಲಿಥಿಯಂ ಮೂತ್ರದಲ್ಲಿ ಹೊರಹೋಗಬೇಕು. ಭೇದಿಯಲ್ಲಿ ನೀರು, ಉಪ್ಪು ಹೋದರೆ ಮೂತ್ರಪಿಂಡ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ನೋವಿನ ಮಾತ್ರೆ ಇದ್ದ ದಾರಿಯನ್ನೂ ಮುಚ್ಚುತ್ತದೆ. ರಕ್ತದ ಸೀರಮ್‌ನಲ್ಲಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇದ್ದರೆ ಮದ್ದು. 1.5 ದಾಟಿದರೆ ವಿಷ, ವಯಸ್ಸಾದವರಿಗೆ ಅದಕ್ಕೂ ಮೊದಲೇ. ಈ ಪರೀಕ್ಷೆ ನಮ್ಮಲ್ಲಿಲ್ಲ, ಜಿಲ್ಲಾ ಆಸ್ಪತ್ರೆಗೇ ಹೋಗಬೇಕು. ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನೂ ಜೊತೆಗೆ ಕಳುಹಿಸಿ. ಲೋಟ ನೋಡಿ ಅನುಮಾನಪಟ್ಟಿರಲ್ಲ, ಅದು ದೊಡ್ಡ ಕೆಲಸ.

ನಿವೃತ್ತ ಮೇಷ್ಟ್ರು: ಬಂದದ್ದನ್ನು ಕಳುಹಿಸಿದ್ದೇನೆ: ಒಂದೆಲಗದ ರಸ 21 ದಿನ, ಸಕಲ ಮನೋರೋಗ ಮಾಯ!

ವೈದ್ಯಾಧಿಕಾರಿ: ಮೇಷ್ಟ್ರೇ, ಒಂದೆಲಗದ ಚಟ್ನಿ ನಾನೂ ತಿನ್ನುತ್ತೇನೆ, ಅನ್ನಕ್ಕೆ. ಅದನ್ನು ನಂಬಿ ಮಾತ್ರೆ ಬಿಟ್ಟವರನ್ನು ಕೊನೆಗೆ ನಾನೇ ನೋಡಬೇಕು. ಅಳಿಸಿ.

ಸದಸ್ಯ 3: ಚೀಟಿ ಇಲ್ಲದೆ ನೋವಿನ ಮಾತ್ರೆ ಕೊಟ್ಟ ಅಂಗಡಿಯವರನ್ನು ಕೇಳುವವರಿಲ್ಲವೇ?

ಔಷಧಿ ಅಂಗಡಿ: ಕೊಡದಿದ್ದರೆ ಜಗಳಕ್ಕೆ ಬರುವವರೂ ನೀವೇ.

ಸದಸ್ಯ 3: ಜಗಳವಾದರೂ ಕೊಡಬಾರದು.

ಔಷಧಿ ಅಂಗಡಿ: ಮೊದಲು ನಿಮ್ಮ 340 ರೂಪಾಯಿ ಬಾಕಿ ತೀರಿಸಿ, ಆಮೇಲೆ ಕಾನೂನು ಹೇಳಿ.

ನಿವೃತ್ತ ಮೇಷ್ಟ್ರು: ಹಿರಿಯರ ಮದ್ದಿಗೆ ಈ ಗುಂಪಿನಲ್ಲಿ ಬೆಲೆಯೇ ಇಲ್ಲ.

ಸದಸ್ಯೆ 4: ಗಂಡನಿಗೆ ತಿಳಿಯದಂತೆ ಸಾರಿಗೆ ಬೆರೆಸುವ ಕುಡಿತ ಬಿಡಿಸುವ ಪುಡಿ ಹಾಕಬಹುದೇ?

ವೈದ್ಯಾಧಿಕಾರಿ: ಬೇಡ. ಅದರಲ್ಲಿ ಡೈಸಲ್ಫಿರಾಮ್ ಇದ್ದರೆ, ಅವರು ಕುಡಿದ ದಿನ ರಕ್ತದೊತ್ತಡ ಕುಸಿದು ಜೀವ ಹೋಗಬಹುದು. ಅವರನ್ನೇ ಕರೆತನ್ನಿ.

ಸದಸ್ಯ 5: ಖಿನ್ನತೆಯ ಮಾತ್ರೆ ಆರು ದಿನದಿಂದ ಕೊಡುತ್ತಿದ್ದೇವೆ, ಗುಣವಿಲ್ಲ.

ವೈದ್ಯಾಧಿಕಾರಿ: ಮೇಲೆ ಓದಿ.

ಆಶಾ ಕಾರ್ಯಕರ್ತೆ: 108 ಬಂದಿದೆ. ಹಸುವಿಗೆ ಹುಲ್ಲು ಹಾಕದೆ ಹತ್ತುವುದಿಲ್ಲ ಎನ್ನುತ್ತಾರೆ ಅಜ್ಜ.

ವೈದ್ಯಾಧಿಕಾರಿ: ಹುಲ್ಲು ಮಗ ಹಾಕಲಿ. ಫೋನು ಅಜ್ಜನ ಕಿವಿಗಿಡಿ, ಕರೆ ಮಾಡುತ್ತಿದ್ದೇನೆ. ಉಳಿದವರು ಸುಮ್ಮನಿರಿ.

ಸದಸ್ಯ 2: ಮೇಡಂ, ಮಂಗಳವಾರದ ಕ್ಲಿನಿಕ್?