ಬ್ಯಾಂಡಿನ ಹಿಂದೆ ಹೊರ ಊರಿನ ಪಂದ್ಯಗಳಿಗೆ: ಹೋಗಿಬಂದವರ ಅನುಭವಗಳು

ಕೇಳಿದವರು: ನೋವೈ ಊರಿನ ತಾಯಿ

ನಮ್ಮ ಮಗಳು ಈ ವರ್ಷ ಮಿಷಿಗನ್ ವಿಶ್ವವಿದ್ಯಾಲಯದ ಮಾರ್ಚಿಂಗ್ ಬ್ಯಾಂಡಿಗೆ (ಮೈದಾನದಲ್ಲಿ ಸಾಲಾಗಿ ನಡೆಯುತ್ತ ನುಡಿಸುವ ವಾದ್ಯವೃಂದ) ಕ್ಲಾರಿನೆಟ್ ವಾದಕಿಯಾಗಿ ಸೇರಿದ್ದಾಳೆ. ವಿಶ್ವವಿದ್ಯಾಲಯವಿರುವ ಆನ್ ಆರ್ಬರ್‌ನಲ್ಲಿಯೇ ನಡೆಯುವ ಅಮೆರಿಕನ್ ಫುಟ್‌ಬಾಲ್ ಪಂದ್ಯಗಳಿಗೆ ಹೋಗುವುದು ನಮಗೆ ಕಷ್ಟವಲ್ಲ. ಆದರೆ ತಂಡದ ಜೊತೆ ಬ್ಯಾಂಡು ಹೊರ ಊರಿಗೆ ಹೋದಾಗ ನಾವೂ ಹೋಗಬೇಕೆಂಬ ಆಸೆಯಿದೆ. ನವೆಂಬರ್ ಕೊನೆಗೆ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ವಿರುದ್ಧದ ಪಂದ್ಯಕ್ಕೆ ಅವರ ಊರಾದ ಕೊಲಂಬಸ್‌ಗೆ ಹೋಗುವುದಂತೂ ಮನಸ್ಸಿನಲ್ಲಿದೆ. ಮುಂದಿನ ವರ್ಷಗಳಲ್ಲಿ ಬೇರೆ ಊರುಗಳನ್ನೂ ನೋಡುವ ಯೋಚನೆಯಿದೆ. ಮೈಸೂರಿನಿಂದ ಬಂದಿರುವ ಅತ್ತೆ ಮಾವನವರೂ ಮೊಮ್ಮಗಳು ನುಡಿಸುವುದನ್ನು ನೋಡಲೇಬೇಕು ಎನ್ನುತ್ತಿದ್ದಾರೆ. ಇಬ್ಬರಿಗೂ ಎಪ್ಪತ್ತರ ಆಸುಪಾಸು, ಅತ್ತೆಯವರಿಗೆ ಮಂಡಿನೋವು, ಮನೆಯವರೆಲ್ಲ ಸಸ್ಯಾಹಾರಿಗಳು. ಟಿಕೆಟ್, ವಸತಿ, ಊಟ, ಚಳಿ ಇವುಗಳ ಬಗ್ಗೆ ಅನುಭವವಿದ್ದವರು ದಯವಿಟ್ಟು ತಿಳಿಸಿಕೊಡಿ.

ಕ್ಯಾಂಟನ್‌ನಿಂದ, ಇಬ್ಬರು ಮಕ್ಕಳನ್ನು ಬ್ಯಾಂಡಿಗೆ ಕಳಿಸಿದ ತಂದೆ

ಮೇಡಂ, ಮೊದಲು ಮಗಳನ್ನು ಒಂದು ಪ್ರಶ್ನೆ ಕೇಳಿ: ಆ ಪಂದ್ಯಕ್ಕೆ ಪೂರ್ಣ ಬ್ಯಾಂಡು ಹೋಗುತ್ತದೆಯೋ, ಅಥವಾ ಆಯ್ದ ಕೆಲವರ ಸಣ್ಣ ತಂಡ ಮಾತ್ರವೋ? ಸುಮಾರು ನಾಲ್ಕು ನೂರು ಮಂದಿಯನ್ನು ಬಸ್ಸುಗಳಲ್ಲಿ ಕೂರಿಸಿ, ಊಟ ಹಾಕಿ, ಮಲಗಿಸಿ ಕರೆತರುವ ಖರ್ಚನ್ನು ಯಾವ ಕಾಲೇಜೂ ಪ್ರತಿ ವಾರ ಮಾಡುವುದಿಲ್ಲ. ಪೂರ್ಣ ಬ್ಯಾಂಡು ಹೋದರೂ ಇಪ್ಪತ್ತು ನಿಮಿಷದ ಅರ್ಧವಿರಾಮದಲ್ಲಿ ಅತಿಥಿ ಬ್ಯಾಂಡಿಗೆ ಮೈದಾನ ಸಿಗುವುದು ಆತಿಥೇಯರ ಒಪ್ಪಿಗೆಯ ಮೇಲೆ. ಇವೆರಡೂ ಖಚಿತವಾಗುವವರೆಗೆ ಹಿರಿಯರಿಗೆ ಮಾತು ಕೊಡದಿರುವುದು ಒಳ್ಳೆಯದು. ಅಷ್ಟು ದೂರ ಬಂದ ಅಜ್ಜ ಅಜ್ಜಿಗೆ ಮೊಮ್ಮಗಳು ಮೂಲೆಯ ಗ್ಯಾಲರಿಯಲ್ಲಿ ಎದ್ದು ನಿಂತು ನುಡಿಸುವುದಷ್ಟೇ ಕಂಡರೆ ಪಂದ್ಯ ಗೆದ್ದರೂ ಸಮಾಧಾನವಾಗದು.

ಎರಡನೆಯದಾಗಿ, ತಂಡದ ಪ್ರಯಾಣಕ್ಕೂ ನಿಮ್ಮ ಪ್ರಯಾಣಕ್ಕೂ ಸಂಬಂಧವಿಲ್ಲವೆಂದೇ ತಿಳಿಯಿರಿ. ಆಟಗಾರರು ದೂರದ ಊರುಗಳಿಗೆ ಸಾಮಾನ್ಯವಾಗಿ ಶುಕ್ರವಾರ ವಿಶೇಷ ವಿಮಾನದಲ್ಲಿ ಹೋಗಿ, ಶನಿವಾರ ಪಂದ್ಯ ಮುಗಿದ ರಾತ್ರಿಯೇ ಮರಳುತ್ತಾರೆ. ಬ್ಯಾಂಡಿನ ಮಕ್ಕಳು ಬಸ್ಸಿನಲ್ಲಿ ಹೋಗುತ್ತಾರೆ, ಅವರ ವೇಳಾಪಟ್ಟಿ ಬಹಳ ಬಿಗಿ. ಹೊರ ಊರಿನಲ್ಲಿ ಮಗಳ ಜೊತೆ ಕೂತು ಊಟ ಮಾಡುವ ಯೋಚನೆಯನ್ನು ಬಿಟ್ಟುಬಿಡಿ. ಬ್ಯಾಂಡು ಬಸ್ಸಿಳಿದು ಕ್ರೀಡಾಂಗಣದತ್ತ ನಡೆಯುವ ದಾರಿಯಲ್ಲಿ ಒಂದು ಬಾರಿ, ಪಂದ್ಯ ಮುಗಿದ ಮೇಲೆ ಜನ ಖಾಲಿಯಾಗುವವರೆಗೆ ಅವರು ನುಡಿಸುತ್ತಿರುವಾಗ ಗ್ಯಾಲರಿಯ ಕಟಕಟೆಯ ಬಳಿ ಇನ್ನೊಂದು ಬಾರಿ ಕೈಬೀಸಲು ಸಿಕ್ಕರೆ ಅದೇ ದೊಡ್ಡದು.

ಎಲ್ಲಕ್ಕಿಂತ ಹೆಚ್ಚು ಗೊಂದಲವಾಗುವುದು ಪಂದ್ಯದ ಹೊತ್ತಿನ ವಿಷಯದಲ್ಲಿ. ದಿನಾಂಕ ಬಹಳ ಮೊದಲೇ ಗೊತ್ತಿರುತ್ತದೆ, ಆದರೆ ಆಟ ಮಧ್ಯಾಹ್ನ ಹನ್ನೆರಡಕ್ಕೋ, ಮೂರೂವರೆಗೋ, ರಾತ್ರಿ ಏಳೂವರೆಗೋ ಎಂಬುದನ್ನು ಬಹುತೇಕ ಪಂದ್ಯಗಳಿಗೆ ಟಿವಿ ವಾಹಿನಿಗಳು 12 ದಿನ ಮೊದಲು, ಕೆಲವೊಮ್ಮೆ ಕೇವಲ 6 ದಿನ ಮೊದಲು ಪ್ರಕಟಿಸುತ್ತವೆ. ಹನ್ನೆರಡರ ಪಂದ್ಯವಾದರೆ ಹಿಂದಿನ ರಾತ್ರಿಯೇ ಅಲ್ಲಿರಬೇಕು. ಏಳೂವರೆಯದಾದರೆ ಮುಗಿಯುವಾಗ ಹನ್ನೊಂದು, ಕಾರು ಹೊರಗೆ ಬರುವಾಗ ಮಧ್ಯರಾತ್ರಿ, ಆ ರಾತ್ರಿಯೂ ಅಲ್ಲೇ ಉಳಿಯಬೇಕು. ಆದ್ದರಿಂದ ನಾವು ಹೊತ್ತಿಗಾಗಿ ಕಾಯದೆ, ವೇಳಾಪಟ್ಟಿ ಬಂದ ವಾರವೇ ಶುಕ್ರವಾರ ಮತ್ತು ಶನಿವಾರ ಎರಡೂ ರಾತ್ರಿಗೆ ಕೋಣೆ ಹಿಡಿದುಬಿಡುತ್ತೇವೆ, ರದ್ದು ಮಾಡಿದರೆ ಹಣ ಮರಳುವಂತಹ ದರದಲ್ಲಿ ಮಾತ್ರ. ಕಾಲೇಜು ಊರುಗಳಲ್ಲಿ ಪಂದ್ಯದ ವಾರಾಂತ್ಯಕ್ಕೆ ಕನಿಷ್ಠ ಎರಡು ರಾತ್ರಿ ಎಂಬ ನಿಬಂಧನೆ ಹೇಗೂ ಇರುತ್ತದೆ. ಓಹಾಯೋ ಸ್ಟೇಟ್ ವಿರುದ್ಧದ ಪಂದ್ಯ ಮಾತ್ರ ಈ ಗೊಂದಲಕ್ಕೆ ಹೊರತು, ಅದು ರೂಢಿಯಂತೆ ಮಧ್ಯಾಹ್ನ ಹನ್ನೆರಡಕ್ಕೇ ಶುರುವಾಗುತ್ತದೆ.

ಟಿಕೆಟ್ಟಿಗೆ ಎರಡು ದಾರಿಗಳಿವೆ. ಅತಿಥಿ ಕಾಲೇಜಿಗೆಂದು ಮೀಸಲಾದ ಟಿಕೆಟ್ಟುಗಳು ನಮ್ಮ ವಿಶ್ವವಿದ್ಯಾಲಯದ ಟಿಕೆಟ್ ಕಚೇರಿಯ ಮೂಲಕ ಬರುತ್ತವೆ. ಅವು ಸಾಮಾನ್ಯವಾಗಿ ಮೇಲಂತಸ್ತಿನ ಮೂಲೆಯಲ್ಲಿರುತ್ತವೆ, ಸುತ್ತ ನಮ್ಮವರೇ ಇರುತ್ತಾರೆ. ಇನ್ನೊಂದು ಮರುಮಾರಾಟದ ತಾಣಗಳದ್ದು. ಸಾಧಾರಣ ಪಂದ್ಯವಾದರೆ ದಿನ ಹತ್ತಿರವಾದಂತೆ ಬೆಲೆ ಇಳಿಯುವುದುಂಟು. ಕೊಲಂಬಸ್ ಪಂದ್ಯಕ್ಕೆ ಆ ಆಸೆಯನ್ನು ಇಟ್ಟುಕೊಳ್ಳಬೇಡಿ. ಆಟಕ್ಕಿಂತ ಬ್ಯಾಂಡು ಮುಖ್ಯವಾದರೆ ಪ್ರೆಸ್ ಬಾಕ್ಸ್ (ಪತ್ರಕರ್ತರು ಕೂರುವ ಕೋಣೆ) ಇರುವ ಬದಿಯಲ್ಲಿ ಆಸನ ಹಿಡಿಯಿರಿ. ಅರ್ಧವಿರಾಮದ ಪ್ರದರ್ಶನವನ್ನು ಸಾಮಾನ್ಯವಾಗಿ ಆ ಬದಿಗೆ ಮುಖ ಮಾಡಿ ರೂಪಿಸಿರುತ್ತಾರೆ. ಟಿಕೆಟ್ ಫೋನಿನಲ್ಲಿಯೇ ಇರುವುದರಿಂದ ಹೋಟೆಲಿನಲ್ಲಿರುವಾಗಲೇ ಅದನ್ನು ಫೋನಿನ ವಾಲೆಟ್‌ಗೆ ಇಳಿಸಿಕೊಳ್ಳಿ. ಲಕ್ಷ ಜನ ಸೇರಿದ ಗೇಟಿನ ಮುಂದೆ ನೆಟ್‌ವರ್ಕ್ ಸಿಗುವುದನ್ನು ನಂಬಲಾಗದು.

ಪಿಟ್ಸ್‌ಬರ್ಗ್‌ನಿಂದ

ಮುಂದೆ ಎಂದಾದರೂ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ವಿರುದ್ಧದ ಪಂದ್ಯಕ್ಕೆ ಸ್ಟೇಟ್ ಕಾಲೇಜ್ ಎಂಬ ಊರಿಗೆ ಹೋಗುವುದಾದರೆ ಈ ಮಾತನ್ನು ನೆನಪಿಟ್ಟುಕೊಳ್ಳಿ. ಅದು ಪೆನ್ಸಿಲ್ವೇನಿಯಾದ ನಟ್ಟ ನಡುವೆ, ಗುಡ್ಡಗಳ ಮಧ್ಯೆ ಇರುವ ಸಣ್ಣ ಊರು. ಅಲ್ಲಿನ ಬೀವರ್ ಕ್ರೀಡಾಂಗಣದಲ್ಲಿ ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ಇಷ್ಟು ಜನಕ್ಕೆ ಊರಿನಲ್ಲಿ ಕೋಣೆಗಳಿಲ್ಲ, ಇದ್ದವುಗಳ ಬಾಡಿಗೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ನಮ್ಮ ಮನೆಯವರು ಸುಮಾರು ನಲವತ್ತು ಮೈಲಿ ದೂರದ ಆಲ್ಟೂನಾದಲ್ಲಿ ಉಳಿಯುತ್ತಾರೆ. ಮಿಷಿಗನ್‌ನಿಂದ ಬರುವ ಸ್ನೇಹಿತರಿಗೂ ನಾವು ಹೇಳುವುದು ಇದನ್ನೇ: ನೇರವಾಗಿ ಐ-80 ಹೆದ್ದಾರಿ ಹಿಡಿಯುವ ಬದಲು ಶುಕ್ರವಾರ ಬೆಳಿಗ್ಗೆ ಹೊರಟು ಪಿಟ್ಸ್‌ಬರ್ಗ್ ಕಡೆಗೆ ಬನ್ನಿ, ಪೆನ್ ಹಿಲ್ಸ್‌ನ ಶ್ರೀ ವೆಂಕಟೇಶ್ವರ ದೇವಸ್ಥಾನದಲ್ಲಿ ದರ್ಶನ ಮಾಡಿ, ಅಲ್ಲಿಯೇ ಊಟ ಮುಗಿಸಿ, ಹೆದ್ದಾರಿ 22ರಲ್ಲಿ ಆಲ್ಟೂನಾ ಸೇರಿ. ದಾರಿ ಸ್ವಲ್ಪ ಸುತ್ತಾದರೂ 1970ರ ದಶಕದಿಂದ ಇರುವ ಆ ದೇವಸ್ಥಾನ ಹಿರಿಯರಿಗೆ ಪಂದ್ಯಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ. ಅತ್ತೆ ಮಾವನವರನ್ನು ಕರೆತರುವವರು ಇದನ್ನೊಂದು ಉಪಾಯವೆಂದೇ ತಿಳಿದುಕೊಳ್ಳಬಹುದು.

ಊಟದ ಬಗ್ಗೆ ಕೇಳಿದ್ದೀರಿ. ಕ್ರೀಡಾಂಗಣದ ಒಳಗೆ ಹೊರಗಿನ ಆಹಾರ ಸಾಮಾನ್ಯವಾಗಿ ನಿಷಿದ್ಧ. ಒಳಗೆ ಸಸ್ಯಾಹಾರಿಗಳಿಗೆ ಸಿಗುವುದು ಪಾಪ್‌ಕಾರ್ನ್, ಪ್ರೆಟ್ಜೆಲ್, ಚೀಸ್ ಸುರಿದ ನ್ಯಾಚೋ, ಅದೃಷ್ಟವಿದ್ದರೆ ಪಿಜ್ಜಾ. ಹಾಗಾಗಿ ಹೊಟ್ಟೆ ತುಂಬಿಸಿಕೊಳ್ಳಬೇಕಾದದ್ದು ಪಾರ್ಕಿಂಗ್ ಬಯಲಿನ ಟೇಲ್‌ಗೇಟ್‌ನಲ್ಲಿ. ಪಂದ್ಯಕ್ಕೆ ಹಲವು ಗಂಟೆ ಮೊದಲೇ ಜನ ಕಾರಿನ ಹಿಂಬಾಗಿಲು ತೆರೆದು, ಮಡಚುವ ಮೇಜು ಹಾಕಿ, ಒಲೆ ಹೊತ್ತಿಸಿರುತ್ತಾರೆ. ನಾವು ಪುಳಿಯೋಗರೆಯನ್ನು ಮನೆಯಲ್ಲೇ ಕಲಸಿ ತರುತ್ತೇವೆ, ಮೊಸರನ್ನವನ್ನು ಕೂಲರ್‌ನಲ್ಲಿಡುತ್ತೇವೆ, ಇಡ್ಲಿ ಹಿಟ್ಟು ಮೂರನೇ ದಿನಕ್ಕೆ ಹುಳಿಯಾದ ಮೇಲೆ ಅದಕ್ಕೆ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಅಲ್ಲೇ ಗ್ಯಾಸ್ ಒಲೆಯ ಮೇಲೆ ಪಡ್ಡು ಮಾಡುತ್ತೇವೆ. ಚಳಿಯಲ್ಲಿ ಪಡ್ಡಿನ ಹೆಂಚು ಕಾಯುವುದು ನಿಧಾನ. ಗಾಳಿಗೆ ಅಡ್ಡವಾಗಿ ಕೂಲರ್ ಮುಚ್ಚಳ ನಿಲ್ಲಿಸಿದರೆ ಉರಿ ನಿಲ್ಲುತ್ತದೆ. ಎದುರಾಳಿ ತಂಡದವರೂ ಪಡ್ಡಿನ ವಾಸನೆಗೆ ಬಂದು ಹೆಸರು ಕೇಳುತ್ತಾರೆ. ಒಲೆಗೆ ಅನುಮತಿ ಇದೆಯೇ, ಪಾರ್ಕಿಂಗ್ ಪರವಾನಗಿಯನ್ನು ಮೊದಲೇ ಕೊಳ್ಳಬೇಕೇ ಎಂಬುದನ್ನು ಆಯಾ ಕಾಲೇಜಿನ ಜಾಲತಾಣದಲ್ಲಿ ನೋಡಿಕೊಂಡೇ ಹೊರಡಿ.

ಪಂದ್ಯ ಮುಗಿದ ಕೂಡಲೇ ಕಾರು ತೆಗೆಯಬೇಡಿ, ಒಂದು ಗಂಟೆ ಕೂತು ಕಾಫಿ ಕುಡಿಯಿರಿ. ಆ ಗುಡ್ಡದ ರಸ್ತೆಗಳಲ್ಲಿ ನವೆಂಬರ್ ಸಂಜೆ ಜಿಂಕೆಗಳು ಅಡ್ಡ ಬರುವುದು ತೀರಾ ಸಾಮಾನ್ಯ, ಅದು ಅವುಗಳ ಬೆದೆಯ ಕಾಲ. ಒಂದು ದಾಟಿದರೆ ಹಿಂದೆ ಇನ್ನೊಂದಿದೆ ಎಂದೇ ತಿಳಿದು ನಿಧಾನಿಸಿ.

ಕೊಲಂಬಸ್‌ನಿಂದ, ಎದುರು ಪಕ್ಷದವರು

ನಾನು ಓಹಾಯೋ ಸ್ಟೇಟ್‌ನಲ್ಲಿ ಓದಿದವನು, ಆದರೂ ಅತಿಥಿಗಳಿಗೆ ಒಳ್ಳೆಯದನ್ನೇ ಹೇಳುತ್ತೇನೆ. ಈ ಎರಡು ತಂಡಗಳು ಮೊದಲು ಆಡಿದ್ದು 1897ರಲ್ಲಿ. ಆ ವಾರ ನಮ್ಮ ವಿಶ್ವವಿದ್ಯಾಲಯದ ಆವರಣದ ಫಲಕಗಳಲ್ಲಿರುವ, ಮಿಷಿಗನ್ ಹೆಸರಿನ ಮೊದಲ ಅಕ್ಷರವಾದ ಎಂ (M) ಅಕ್ಷರಗಳ ಮೇಲೆಲ್ಲ ಕೆಂಪು ಪಟ್ಟಿ ಅಂಟಿಸಿ ಅಳಿಸಿರುತ್ತಾರೆ. ಅದನ್ನು ಹಿರಿಯರಿಗೆ ತೋರಿಸಿ, ಖುಷಿಪಡುತ್ತಾರೆ. ಮಿಷಿಗನ್‌ನ ಹಳದಿ ನೀಲಿ ಬಟ್ಟೆ ಹಾಕಿಕೊಂಡು ಬರಲು ಹೆದರಬೇಕಿಲ್ಲ. ಕೀಟಲೆ ಮಾತು ಕೇಳಿಬರುತ್ತದೆ, ನಕ್ಕು ಮುಂದೆ ನಡೆದರೆ ಮುಗಿಯಿತು. ಆದರೆ ಕುಡಿದವರ ಜೊತೆ ವಾದಕ್ಕಿಳಿಯಬೇಡಿ. ಪಂದ್ಯ ಮುಗಿದ ಮೇಲೆ ಹಿರಿಯರನ್ನು ಮೈದಾನದ ಅಂಚಿಗೆ ಕರೆದೊಯ್ಯಬೇಡಿ. 2024ರ ನವೆಂಬರ್ 30ರಂದು ಮಿಷಿಗನ್ ಇಲ್ಲಿ 13–10ರಿಂದ ಗೆದ್ದಾಗ ಮೈದಾನದ ನಡುವೆ ಮಿಷಿಗನ್ ಬಾವುಟ ನೆಡುವ ವಿಷಯಕ್ಕೆ ಆಟಗಾರರ ನಡುವೆ ಕೈಕೈ ಮಿಲಾಯಿಸಿ, ಪೊಲೀಸರು ಖಾರದ ಸ್ಪ್ರೇ ಹೊಡೆದರು, ಎರಡೂ ವಿಶ್ವವಿದ್ಯಾಲಯಗಳಿಗೆ ತಲಾ ಒಂದು ಲಕ್ಷ ಡಾಲರ್ ದಂಡ ಬಿತ್ತು. ಗ್ಯಾಲರಿಯಲ್ಲಿ ಕೂತವರಿಗೆ ಅದರಿಂದ ತೊಂದರೆಯಿಲ್ಲ, ಸುಮ್ಮನೆ ಕೂತಿರಬೇಕಷ್ಟೆ.

ಥ್ಯಾಂಕ್ಸ್‌ಗಿವಿಂಗ್ ವಾರಾಂತ್ಯವಾದ್ದರಿಂದ ಹೆದ್ದಾರಿ 23ರಲ್ಲಿ ಮೂರು ಗಂಟೆಯ ದಾರಿ ನಾಲ್ಕಾಗಬಹುದು. ಶುಕ್ರವಾರ ಬೆಳಿಗ್ಗೆಯೇ ಬಂದುಬಿಡಿ.

ಆನ್ ಆರ್ಬರ್‌ನ ವಿದ್ಯಾರ್ಥಿ

ಮೇಲಿನವರು ಹೇಳದ ಎರಡು ವಿಷಯಗಳನ್ನು ಸೇರಿಸುತ್ತೇನೆ. ಪೂರ್ವದ ಕಡೆ ಪಂದ್ಯಕ್ಕೆ ಹೋಗುವವರು ದಾರಿಯಲ್ಲಿ ನಯಾಗರಾ ನೋಡೋಣವೆಂದುಕೊಂಡರೆ, ಡೆಟ್ರಾಯಿಟ್ ಸುತ್ತಮುತ್ತಲಿಂದ ಫೋನಿನ ನಕಾಶೆ ತೋರಿಸುವ ಹತ್ತಿರದ ದಾರಿ ವಿಂಡ್ಸರ್ ಮೇಲೆ, ಅಂದರೆ ಕೆನಡಾದೊಳಗಿಂದ ಹೋಗುತ್ತದೆ. ಭಾರತದ ಪಾಸ್‌ಪೋರ್ಟ್ ಇರುವ ನಮ್ಮಂತಹವರಿಗೂ, ನಿಮ್ಮ ಅತ್ತೆ ಮಾವನವರಿಗೂ ಕೆನಡಾ ವೀಸಾ ಬೇಕಾಗುತ್ತದೆ. ಟೊಲಿಡೊ, ಕ್ಲೀವ್‌ಲ್ಯಾಂಡ್ ಮೇಲೆ ಬಫಲೋ ಸೇರುವ ದಾರಿಯನ್ನು ಕೈಯಾರೆ ಆರಿಸಿಕೊಳ್ಳಬೇಕು. ಎರಡನೆಯದು, ಎಂದಾದರೂ ಅಯೋವಾ ಸಿಟಿಗೆ ಹೋಗುವ ಅವಕಾಶ ಬಂದರೆ ಬಿಡಬೇಡಿ. ಅಲ್ಲಿನ ಕಿನಿಕ್ ಕ್ರೀಡಾಂಗಣದ ಪಕ್ಕದಲ್ಲೇ ಮಕ್ಕಳ ಆಸ್ಪತ್ರೆಯಿದೆ. 2017ರಿಂದ ಪ್ರತಿ ಪಂದ್ಯದ ಮೊದಲ ಕಾಲುಭಾಗ ಮುಗಿದಾಗ ಎರಡೂ ತಂಡದವರು, ಅಂಪೈರುಗಳು, ಇಡೀ ಗ್ಯಾಲರಿ ತಿರುಗಿ ನಿಂತು, ಮೇಲಿನ ಕಿಟಕಿಗಳಲ್ಲಿರುವ ಮಕ್ಕಳಿಗೆ ಕೈಬೀಸುತ್ತಾರೆ. ಅದೇ ಅಯೋವಾದವರು ಎದುರಾಳಿ ಆಟಗಾರರು ಬಟ್ಟೆ ಬದಲಿಸುವ ಕೋಣೆಗೆ ಗುಲಾಬಿ ಬಣ್ಣ ಬಳಿದಿರುವುದೂ ನಿಜ!

ಟ್ರಾಯ್‌ನಿಂದ, ಅಮ್ಮನನ್ನು ಕರೆದೊಯ್ದ ಮಗಳು

ಎಲ್ಲರೂ ಹೋಗಿ ಬನ್ನಿ ಎನ್ನುತ್ತಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಮಂಡಿನೋವಿರುವವರನ್ನು ನವೆಂಬರ್ ಕೊನೆಯ ಕೊಲಂಬಸ್‌ಗೆ ಕರೆದೊಯ್ಯುವುದು ಅವರ ಮೇಲಿನ ಪ್ರೀತಿಗಿಂತ ನಮ್ಮ ಉತ್ಸಾಹವೇ ಆಗಿಬಿಡುತ್ತದೆ. ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುವ ಆ ಹಳೆಯ ಕ್ರೀಡಾಂಗಣದಲ್ಲಿ ಬಹುಪಾಲು ಆಸನಗಳಿಗೆ ಬೆನ್ನೊರಗು ಇಲ್ಲ, ಮುಂದಿನ ಸಾಲಿನವರು ಎದ್ದು ನಿಂತರೆ ನಾವೂ ನಿಲ್ಲಬೇಕು, ಮೂರೂವರೆ ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಜನ ನಿಂತೇ ಇರುತ್ತಾರೆ. ಬ್ಯಾಂಡಿನ ಪೂರ್ಣ ಪ್ರದರ್ಶನ ಹೇಗೂ ಆನ್ ಆರ್ಬರ್‌ನಲ್ಲಿಯೇ ಚೆನ್ನಾಗಿ ಕಾಣುವುದು. ಸೆಪ್ಟೆಂಬರ್ ಬಿಸಿಲಿನಲ್ಲಿ ಅಲ್ಲಿಗೆ ಕರೆದೊಯ್ಯಿರಿ. ಹೊರ ಊರಿಗೇ ಬರಬೇಕೆಂದು ಅವರು ಹಟ ಹಿಡಿದರೆ ಮುಂದಿನ ವರ್ಷ ಮಿಷಿಗನ್ ಸ್ಟೇಟ್ ತಂಡದ ಊರಾದ ಈಸ್ಟ್ ಲ್ಯಾನ್ಸಿಂಗ್‌ಗೆ ಹೋಗಬಹುದು. ಒಂದು ಗಂಟೆ ಚಿಲ್ಲರೆ ದಾರಿ, ರಾತ್ರಿ ಮನೆಗೇ ಮರಳಬಹುದು. ಕೊಲಂಬಸ್ ಪಂದ್ಯ ಇರುವ ವರ್ಷ ಮಿಷಿಗನ್ ಸ್ಟೇಟ್ ತಂಡ ಆನ್ ಆರ್ಬರ್‌ಗೇ ಬರುವುದರಿಂದ ಈ ವರ್ಷ ಆ ಅನುಕೂಲವಿಲ್ಲ.

ಕರೆದೊಯ್ಯುವುದೇ ಆದರೆ ಮೆಟ್ಟಿಲು ಹತ್ತಲಾಗದವರಿಗಾಗಿ ಇರುವ ಆಸನಗಳನ್ನು ಟಿಕೆಟ್ ಕೊಳ್ಳುವ ಮೊದಲೇ ಫೋನ್ ಮಾಡಿ ಕೇಳಿ, ಜೊತೆಗೊಬ್ಬರು ಕೂರಲೂ ಅವಕಾಶ ಕೊಡುತ್ತಾರೆ. ಔಷಧಿ ಇದ್ದರೆ ಪಾರದರ್ಶಕ ಚೀಲದಲ್ಲಿ ಮೇಲೆಯೇ ಕಾಣುವಂತಿಡಿ. ಹೆಚ್ಚಿನ ಕಡೆ 12 ಇಂಚು ಅಗಲ, 12 ಇಂಚು ಎತ್ತರ, 6 ಇಂಚು ದಪ್ಪ ಮೀರದ ಪಾರದರ್ಶಕ ಚೀಲವನ್ನಷ್ಟೇ ಬಿಡುತ್ತಾರೆ, ಕೆಲವು ಕಡೆ ಅದೂ ಇಲ್ಲ. ಚಳಿ ಮೊದಲು ಹತ್ತುವುದು ಪಾದದಿಂದ. ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಕಿಸಿ ಬೂಟು ಬಿಗಿಯಾದರೆ ಪ್ರಯೋಜನವಿಲ್ಲ. ಒಂದೇ ಜೊತೆ ದಪ್ಪದ್ದು ಹಾಕಿ, ಕಾಲ ಕೆಳಗೆ ಒಂದು ತುಂಡು ರಟ್ಟು ಹಾಸಿ. ಕಾಂಕ್ರೀಟಿನ ಥಂಡಿ ಪಾದಕ್ಕೆ ಏರದಂತೆ ಅದೊಂದು ತಡೆಯುತ್ತದೆ, ಗೇಟಿನಲ್ಲಿ ಬೇಡವೆಂದರೆ ಎಸೆದು ಬರಬಹುದು.

ನೋವೈ ಊರಿನ ತಾಯಿ

ಎಲ್ಲರಿಗೂ ಧನ್ಯವಾದಗಳು. ಅತ್ತೆಯವರು ಸೆಪ್ಟೆಂಬರ್ ಪಂದ್ಯಕ್ಕೆ ಒಪ್ಪಿದ್ದಾರೆ. ಮಾವನವರು ಮಾತ್ರ ಕೊಲಂಬಸ್‌ಗೂ ಬರುತ್ತೇನೆ ಎನ್ನುತ್ತಿದ್ದಾರೆ. ಇನ್ನೊಂದು ಸಣ್ಣ ಪ್ರಶ್ನೆ: ಮಗಳ ಕ್ಲಾರಿನೆಟ್ ಮರದ್ದು, ಅಷ್ಟು ಚಳಿಗೆ ಅದು ತಡೆಯುತ್ತದೆಯೇ?

ಕ್ಯಾಂಟನ್‌ನ ತಂದೆ

ಮರದ ಕ್ಲಾರಿನೆಟ್ಟನ್ನು ಮೈದಾನಕ್ಕೆ ಕಳಿಸಬೇಡಿ ಮೇಡಂ, ಚಳಿಗೆ ಬಿರುಕು ಬಿಡುತ್ತದೆ. ಹೊರಗೆ ನುಡಿಸಲು ಪ್ಲಾಸ್ಟಿಕ್ಕಿನದೇ ಬೇಕು. ಬ್ಯಾಂಡಿನಿಂದ ಸಿಗುತ್ತದೆಯೇ ಎಂದು ಕೇಳಲಿ, ಇಲ್ಲವಾದರೆ ಹಳೆಯದೊಂದನ್ನು ಕೊಂಡರೆ ಸಾಕು. ಮಾವನವರಿಗೆ ಕೈ ಬೆಚ್ಚಗಿಡುವ ಪೊಟ್ಟಣಗಳನ್ನು ಈಗಲೇ ಡಬ್ಬಿಗಟ್ಟಲೆ ತಂದಿಡಿ, ಪಂದ್ಯದ ವಾರ ಅಂಗಡಿಯಲ್ಲಿ ಸಿಗುವುದಿಲ್ಲ.