ಜಗಳೂರು ಕಡೆ ಹೊಲದಲ್ಲಿ ರಾತ್ರಿ ಕ್ಯಾಮೆರಾ: ನರಿ ಸಿಗ್ತಿಲ್ಲ, ಬರೀ ಹುಲ್ಲು

ಪ್ರಶ್ನೆ: ಶೇಂಗಾ ಹೊಲದ ಬದುವಿನ ಜಾಲಿ ಗಿಡಕ್ಕೆ ಟ್ರೇಲ್ ಕ್ಯಾಮೆರಾ (ಪ್ರಾಣಿ ಹಾದರೆ ಸೆನ್ಸರ್ ಹಿಡಿದು ತಾನೇ ಫೋಟೊ ತೆಗೆಯೋದು) ಕಟ್ಟಿದೀನಿ. ಸೊಂಟದೆತ್ತರ, ಮುಖ ಪೂರ್ವಕ್ಕೆ. ಎರಡು ಮೀಟರ್ ಮುಂದೆ ಕೋಳಿ ಕರುಳು ಇಡ್ತೀನಿ. ರಾತ್ರಿಗೆ 400 ಫೋಟೊ, ಎಲ್ಲಾ ಹುಲ್ಲು, ನಾಯಿ. ನರಿ ಎರಡೇ ಸಲ, ಮುಖ ಸುಣ್ಣ ಬಳಿದಂಗೆ ಬೆಳ್ಳಗೆ. ಸೆಲ್ ನಾಲ್ಕೇ ದಿನ. ಏನ್ ಮಾಡ್ಲಿ ಅಣ್ಣಾ?

ಉತ್ತರ 1: ಮೊದಲು ಜಾಲಿ ಗಿಡ ಬಿಡಿ. ಗಾಳಿಗೆ ಗಿಡ ಅಲುಗಿದರೆ ಕ್ಯಾಮೆರಾನೂ ಅಲುಗುತ್ತೆ, ಸೆನ್ಸರ್‌ಗೆ ಎದುರಿನ ನೆಲವೇ ಓಡಾಡಿದಂತೆ. ಬೇಲಿಯ ಕಲ್ಲುಕಂಬಕ್ಕೆ ಬಿಗಿಯಾಗಿ ಕಟ್ಟಿ. ನಮ್ಮ ಬಯಲಿನ ಸಣ್ಣ ನರಿ, ಬಾಲದ ತುದಿ ಕಪ್ಪಗಿರೋದು, ಎರಡು-ಮೂರು ಕಿಲೊ ತೂಗುತ್ತೆ ಅಷ್ಟೆ. ಅದಕ್ಕೆ ನೆಲದಿಂದ ಒಂದಡಿ ಎತ್ತರ ಸಾಕು. ನರಿ ಓಡಾಡೋ ಜಾಡಿಗೆ ಮೂರೂವರೆ ಮೀಟರ್ ದೂರ, ಮುಖ ಉತ್ತರಕ್ಕೆ, ಸ್ವಲ್ಪ ಓರೆ. ಸೆನ್ಸರ್ ಹಿಡಿಯೋದು ಅಡ್ಡ ಹಾಯುವ ಬಿಸಿಯನ್ನ. ನೇರ ಎದುರು ಬರೋ ಪ್ರಾಣಿ ತಡವಾಗಿ ಸಿಗುತ್ತೆ. ಎದುರಿಗೆ ಬಂಡೆ ಇರಬಾರದು. ಏಪ್ರಿಲ್‌ನಲ್ಲಿ ಹಗಲೆಲ್ಲ ಕಾದ ಕಲ್ಲು ರಾತ್ರಿ ಹೊತ್ತಾದರೂ ಆರಿರಲ್ಲ, ನರಿ ಮೈ ಬಿಸಿಗೂ ಅದಕ್ಕೂ ವ್ಯತ್ಯಾಸವೇ ಗೊತ್ತಾಗಲ್ಲ. ಮುಂದಿನ ಹುಲ್ಲು ಕುಡುಗೋಲಲ್ಲಿ ಬುಡಕ್ಕೆ ಸವರಿ.

ದೂರ ಹೆಚ್ಚಿಸಿದ ಮೇಲೂ ನರಿ ಮುಖ ಬೆಳ್ಳಗಾದರೆ ಕ್ಯಾಮೆರಾದ ರಾತ್ರಿ ದೀಪಗಳ (ಇನ್‌ಫ್ರಾರೆಡ್) ಮೇಲೆ ಮಾತ್ರ ಬಿಳಿ ಪೇಪರ್ ಟೇಪ್ ಒಂದು ಪದರ. ಲೆನ್ಸ್, ಸೆನ್ಸರ್ ಮುಟ್ಟಬೇಡಿ. ದೀಪ ಕೆಂಪಗೆ ಮಿನುಗಿದರೆ ಅದರ ಬೆಳಕಿನ ತರಂಗದುದ್ದ 850 ನ್ಯಾನೊಮೀಟರ್, ನರಿ ತಿರುಗಿ ನೋಡುತ್ತೆ. 940ರದ್ದು ಕಾಣಲ್ಲ, ಆದರೆ ಬೆಳಕು ದೂರ ಹೋಗಲ್ಲ.

ರಾತ್ರಿ ವಿಡಿಯೊ ನಿಲ್ಲಿಸಿ; ಮೂರು ಫೋಟೊ, 15 ಸೆಕೆಂಡ್ ಬಿಡುವು. ರೀಚಾರ್ಜ್ ಸೆಲ್ 1.2 ವೋಲ್ಟ್, ಎಂಟು ಸೇರಿ 9.6. ಹನ್ನೆರಡು ವೋಲ್ಟ್ ನಿರೀಕ್ಷಿಸೋ ಕ್ಯಾಮೆರಾ ಬೇಗ ಸೆಲ್ ಮುಗೀತು ಅನ್ನುತ್ತೆ. ಲಿಥಿಯಂ ಹಾಕಿ, ಹಳೇದು ಹೊಸದು ಬೆರೆಸಬೇಡಿ.

ಪ್ರಶ್ನೆ: ಕರುಳು ಇಡದಿದ್ರೆ ಬರುತ್ತಾ?

ಉತ್ತರ 2: ಬರುತ್ತೆ, ದಯವಿಟ್ಟು ಇವತ್ತೇ ನಿಲ್ಲಿಸಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಆಮಿಷ ಒಡ್ಡೋದೂ ಬೇಟೆಯ ವ್ಯಾಖ್ಯೆಯೊಳಗೇ ಇದೆ. ಅದಕ್ಕಿಂತ ದೊಡ್ಡ ಭಯ ನಾಯಿಗಳದು: ಕರುಳಿನ ವಾಸನೆಗೆ ಊರ ನಾಯಿ ಬಂದು ನರಿಯನ್ನ ಕಚ್ಚುತ್ತವೆ, ರೇಬಿಸ್, ಡಿಸ್ಟೆಂಪರ್ ರೋಗ ಅಂಟಿಸ್ತವೆ. ನರಿಗೆ ಗೆದ್ದಲು, ಇಲಿ, ಓತಿ, ಜೀರುಂಡೆ, ಬಾರೆಹಣ್ಣು ಸಾಕು. ಬದುವಿನ ಮೇಲೆ ಬೆರಳುದ್ದದ ಹಿಕ್ಕೆ ಹುಡುಕಿ. ಮುರಿದು ನೋಡಿದರೆ ಬಾರೆ ಬೀಜ, ಹೊಳೆಯೋ ಜೀರುಂಡೆ ರೆಕ್ಕೆಯ ಚೂರು ಕಾಣುತ್ತೆ (ಕಡ್ಡೀಲಿ ಮುರೀರಿ, ಕೈಯಲ್ಲಿ ಬೇಡ). ಅಲ್ಲೇ ಅಕ್ಕಪಕ್ಕ ಜಾಡು ಇರುತ್ತೆ, ಕ್ಯಾಮೆರಾ ಅಲ್ಲಿಗೆ.

ಬಿಲ ಸಿಕ್ಕರೆ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹತ್ತಿರ ಹೋಗಬೇಡಿ, ಮರಿಗಳಿರ್ತವೆ. ರಂಗಯ್ಯನದುರ್ಗ ಅಭಯಾರಣ್ಯದೊಳಗೆ ಕ್ಯಾಮೆರಾ ಇಡೋಕೆ ಅರಣ್ಯ ಇಲಾಖೆ ಅನುಮತಿ ಬೇಕು. ನಿಮ್ಮ ಬದುವೇ ಸಾಕಲ್ಲ. ಕಾರ್ಡ್ ತರೋಕೆ ವಾರಕ್ಕೊಮ್ಮೆ, ನಡುಹಗಲಲ್ಲಿ ಹೋಗಿ.